ಯೂಟ್ಯೂಬ್ ಬರ್ತದೆ, ಗೇಮ್ ಮಾತ್ರ ಹೋಗ್ತದೆ

ಪುತ್ತೂರು ತಾಲೂಕಿನ ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಕಡೆ ಅಡಿಕೆ ತೋಟದ ನಡುವಿನ ಮನೆಗಳಿಗೂ ಫೈಬರ್ ನೆಟ್ ಬಂದಿದೆ. ಅದರ ಹಿಂದೆಯೇ ಒಂದು ಹೊಸ ಜಗಳವೂ ಬಂದಿದೆ. ಕಾಲೇಜಿಗೆ ಹೋಗುವ ಮಗ ರಾತ್ರಿ ಊಟ ಮುಗಿಸಿ ಆಟಕ್ಕೆ ಕೂತಿರುತ್ತಾನೆ. ಮೈದಾನದ ವೃತ್ತ ಚಿಕ್ಕದಾಗುತ್ತಾ ಬಂದು ಐದಾರು ಜನ ಮಾತ್ರ ಉಳಿದಿರುವಾಗ, ಸರ್ವರ್ ಜತೆಗಿನ ಸಂಪರ್ಕ ಕಡಿದಿದೆ ಎಂಬ ಚೌಕ ಪರದೆಯ ಮೇಲೆ ಬಂದು ಕೂರುತ್ತದೆ. "ನೆಟ್ ಹೋಯ್ತು!" ಎಂದು ಅವನು ಕೂಗುತ್ತಾನೆ. ಚಾವಡಿಯಲ್ಲಿ ಯಕ್ಷಗಾನದ ವಿಡಿಯೊ ನೋಡುತ್ತಿರುವ ಅಪ್ಪ, "ಎಂತದು ಹೋದದ್ದು? ನನಗೆ ಸರಿ ಬರ್ತಾ ಉಂಟಲ್ಲ" ಎನ್ನುತ್ತಾರೆ.

ಇಬ್ಬರೂ ಹೇಳುವುದು ನಿಜ. ಮಕ್ಕಳು ಇಷ್ಟು ಹೊತ್ತು ಆಡಬೇಕೇ ಎಂಬ ಚರ್ಚೆ ಬೇರೆಯೇ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಒಂದೇ ಕೇಬಲ್ಲು, ಒಂದೇ ರೂಟರು ಇದ್ದೂ ಒಬ್ಬನನ್ನು ಹೊರದಬ್ಬಿ ಇನ್ನೊಬ್ಬರನ್ನು ಮುಟ್ಟದೆ ಬಿಡುವ ದೋಷ ಯಾವುದು ಎಂಬುದಷ್ಟೇ ಇಲ್ಲಿನ ವಿಷಯ.

ಯಕ್ಷಗಾನದ ವಿಡಿಯೊ ಎಂದೋ ಚಿತ್ರೀಕರಣವಾಗಿ ಮುಗಿದದ್ದು. ಹಾಗಾಗಿ ಅಪ್ಪ ನೋಡುತ್ತಿರುವ ದೃಶ್ಯಕ್ಕಿಂತ ಮುಂದಿನ ಹತ್ತಾರು ಸೆಕೆಂಡುಗಳ ಭಾಗವನ್ನು ಫೋನು ಆಗಲೇ ತರಿಸಿ ಇಟ್ಟುಕೊಂಡಿರುತ್ತದೆ. ನಡುವೆ ಹತ್ತು ಸೆಕೆಂಡು ನೆಟ್ ಸತ್ತು ಬದುಕಿದರೂ ಅವರಿಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಎದುರಾಳಿ ಮುಂದಿನ ಕ್ಷಣ ಎಡಕ್ಕೆ ಹಾರುತ್ತಾನೋ ಬಲಕ್ಕೋ ಎಂಬುದು ಅವನಿಗೇ ಗೊತ್ತಿಲ್ಲ, ಇನ್ನು ಮೊದಲೇ ತರಿಸಿಡುವುದು ಎಲ್ಲಿಂದ? ಆದ್ದರಿಂದ ವೇಗದ ಆಟಗಳು ಸಾಮಾನ್ಯವಾಗಿ ಯುಡಿಪಿ ಎಂಬ ವಿಧಾನದಲ್ಲಿ ಮಾಹಿತಿ ಕಳಿಸುತ್ತವೆ. 1980ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಮೂರೇ ಪುಟದಲ್ಲಿ ಬರೆದು ಮುಗಿಸಿದ ನಿಯಮ ಅದು. ಮಾಹಿತಿಯ ಪೊಟ್ಟಣವನ್ನು ಕಳಿಸಿಬಿಡುವುದು, ತಲುಪಿತೇ ಇಲ್ಲವೇ ಎಂದು ವಿಚಾರಿಸುವುದಿಲ್ಲ. ಕಳೆದುಹೋದದ್ದನ್ನು ಮತ್ತೆ ತರಿಸಿಕೊಂಡರೂ ಅಷ್ಟರಲ್ಲಿ ಅದು ಹಳೆಯ ಸುದ್ದಿಯಾಗಿರುತ್ತದೆ.

ಸರ್ವರ್ ಪ್ರತಿ ಸೆಕೆಂಡಿಗೆ ಹತ್ತಾರು ಬಾರಿ ಎಲ್ಲ ಆಟಗಾರರ ಸ್ಥಿತಿಯನ್ನು ಲೆಕ್ಕ ಹಾಕಿ ಹಂಚುತ್ತದೆ. ವ್ಯಾಲರಂಟ್‌ನಂಥ ಆಟದಲ್ಲಿ ಈ ಲೆಕ್ಕ ಸೆಕೆಂಡಿಗೆ 128 ಸಲ ನಡೆಯುತ್ತದೆ. ಇದರ ನಡುವೆ ನಿಮ್ಮ ಫೋನು ಒಂದು ಸಣ್ಣ ನಾಟಕವನ್ನೂ ಆಡುತ್ತಿರುತ್ತದೆ. ನೀವು ಮುಂದಕ್ಕೆ ಒತ್ತಿದ ಕೂಡಲೇ, ಸರ್ವರಿನ ಒಪ್ಪಿಗೆಗೆ ಕಾಯದೆ, ನಿಮ್ಮ ಆಳನ್ನು ಪರದೆಯ ಮೇಲೆ ಓಡಿಸಿಬಿಡುತ್ತದೆ. ಜಾನ್ ಕಾರ್ಮಾಕ್ 1996ರಲ್ಲಿ ಕ್ವೇಕ್‌ವರ್ಲ್ಡ್ ಆಟಕ್ಕೆ ಅಳವಡಿಸಿ ಜನಪ್ರಿಯಗೊಳಿಸಿದ ಉಪಾಯ ಇದು. ಅದಕ್ಕೇ ನೆಟ್ ಸತ್ತ ಮೊದಲ ಗಳಿಗೆಯಲ್ಲಿ ಏನೂ ಆಗಿಲ್ಲ ಎಂಬಂತೆ ನೀವು ಓಡುತ್ತಲೇ ಇರುತ್ತೀರಿ. ಉಳಿದವರೆಲ್ಲ ಮಾತ್ರ ನಿಂತಲ್ಲೇ ನಿಂತಿರುತ್ತಾರೆ, ಇಲ್ಲವೇ ಗೋಡೆಗೆ ಮುಖ ಒತ್ತಿ ಓಡುತ್ತಿರುತ್ತಾರೆ. ಸಂಪರ್ಕ ಮರಳಿದರೆ ಸರ್ವರ್ ನಿಮ್ಮನ್ನು ಹಿಂದಿನ ಜಾಗಕ್ಕೆ ಎಳೆದು ನಿಲ್ಲಿಸುತ್ತದೆ. ಮರಳದಿದ್ದರೆ, ಆಟದಿಂದ ಆಟಕ್ಕೆ ಬೇರೆಯಾಗುವ ಒಂದು ಗಡುವಿನವರೆಗೆ ಕಾಯ್ದು ಹೆಸರು ಹೊಡೆದು ಹಾಕುತ್ತದೆ. ಅಂದರೆ ಆಟಗಾರನನ್ನು ಹೊರಹಾಕುವುದು ನಿಧಾನಗತಿಯಲ್ಲ, ಮೌನ.

"ದೊಡ್ಡ ಪ್ಲಾನ್ ಹಾಕಿಸಿ" ಎಂಬ ಸಲಹೆ ಇಲ್ಲಿ ಹೆಚ್ಚಾಗಿ ದುಡ್ಡು ದಂಡ. ಇಂಥ ಆಟ ಒಂದು ಗಂಟೆಗೆ 100 ಎಂಬಿ ನುಂಗುತ್ತದೆ ಎಂದೇ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಕಾಲು ಮೆಗಾಬಿಟ್ ಕೂಡ ಆಗುವುದಿಲ್ಲ. 30 ಎಂಬಿಪಿಎಸ್ ಪ್ಲಾನನ್ನು 100 ಮಾಡಿಸಿದರೆ ಅಪ್‌ಡೇಟ್ ಬೇಗ ಇಳಿದೀತು. ಮೌನ ತುಂಬುವುದಿಲ್ಲ. ಆ ಮೌನ ಹುಟ್ಟುವ ಜಾಗ ಬಹಳ ಸಲ ಮುಂಬೈಯಲ್ಲೋ ಸಿಂಗಾಪುರದಲ್ಲೋ ಇರುವುದಿಲ್ಲ, ಮನೆಯ ಅಂಗಳದ ಆಚೀಚೆಯೇ ಇರುತ್ತದೆ.

ಮೊದಲು ಕರೆಂಟು. ಏಪ್ರಿಲಿನ ಬಿಸು ಕಳೆದು ಮೇ ತಿಂಗಳ ಪತ್ತನಾಜೆ ಬರುವವರೆಗೆ ಸಂಜೆಯಾದರೆ ಗುಡುಗು, ಗಾಳಿ. ಎಲ್ಲೋ ಒಂದು ಗೆಲ್ಲು ತಂತಿಗೆ ತಾಗುತ್ತದೆ, ಲೈನು ಟ್ರಿಪ್ ಆಗಿ ಮರುಕ್ಷಣವೇ ಚಾಲೂ ಆಗುತ್ತದೆ. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ, ಅಷ್ಟೇ. ತೋಟದ ಪಂಪು ಚಾಲೂ ಆಗುವಾಗಲೂ ಹಾಗೆಯೇ: ಮೋಟರು ತಿರುಗಲು ಶುರುವಾಗುವ ಹೊತ್ತಿಗೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ವೋಲ್ಟೇಜು ಕುಸಿಯುತ್ತದೆ. ಮನೆಗೆ ಇನ್ವರ್ಟರ್ ಇದ್ದರೂ ಅದು ಬ್ಯಾಟರಿಗೆ ಬದಲಾಗಲು ಹತ್ತಾರು ಮಿಲಿಸೆಕೆಂಡು ತೆಗೆದುಕೊಳ್ಳಬಹುದು. ಫ್ಯಾನು ಆ ಹೊತ್ತು ತನ್ನ ವೇಗದಲ್ಲೇ ತಿರುಗಿಕೊಂಡಿರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಗೋಡೆಯಲ್ಲಿರುವ ಫೈಬರ್ ಮೋಡೆಮ್ಮಿಗೆ ಮಾತ್ರ ಅದು ಸಾವು. ಅದರ 12 ವೋಲ್ಟ್ ಅಡಾಪ್ಟರಿನ ಕೆಪಾಸಿಟರಿನಲ್ಲಿ ಉಳಿದ ಶಕ್ತಿ ಅಷ್ಟು ಹೊತ್ತು ಸಾಲದಿದ್ದರೆ ಮೋಡೆಮ್ ಆರಿ, ಮತ್ತೆ ಮೊದಲಿನಿಂದ ಎದ್ದು, ತನ್ನ ಬೆಳಕನ್ನು ಹುಡುಕಿ, ಲಾಗಿನ್ ಆಗಿ, ಐಪಿ ವಿಳಾಸ ಪಡೆದು ಬರಬೇಕು. ಅರ್ಧ ಸೆಕೆಂಡಿನ ಮಿಟುಕಿಗೆ ಒಂದೆರಡು ನಿಮಿಷದ ಮೌನ. ಆಟದ ಸರ್ವರ್ ಯಾಕೆ ಕಾದೀತು?

ಅನೇಕ ಇನ್ವರ್ಟರ್‌ಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಚುರುಕಾಗುತ್ತದೆ. ಅದಕ್ಕಿಂತ ಒಳ್ಳೆಯದು ರೂಟರಿಗೆಂದೇ ಸಿಗುವ ಅಂಗೈಯಗಲದ 12 ವೋಲ್ಟ್ ಯುಪಿಎಸ್. ಅಡಾಪ್ಟರು ಮತ್ತು ಮೋಡೆಮ್ಮಿನ ನಡುವೆ ಅದನ್ನು ಸಿಕ್ಕಿಸಿದರೆ ಬ್ಯಾಟರಿ ಸದಾ ಸಿದ್ಧ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರು ನೋಡಿಕೊಳ್ಳಬೇಕು. ಬೆಟ್ಟಂಪಾಡಿಯಂಥ ಊರಿನಲ್ಲಿ ದೊಡ್ಡ ಪ್ಲಾನಿಗಿಂತ ಈ ಪೆಟ್ಟಿಗೆಯೇ ಮೊದಲು ಬೇಕಾದದ್ದು ಎಂದು ನನ್ನ ಅಭಿಪ್ರಾಯ. ಸಿಡಿಲು ಹೊಡೆಯುವಾಗ ಪ್ಲಗ್ ತೆಗೆದಿಡುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಬೇಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಕೇಬಲ್ಲಿಗೆ ಬಲ ಕೊಡುವ ಉಕ್ಕಿನ ತಂತಿಯಲ್ಲೂ ಅಡಾಪ್ಟರಿನ ದಾರಿಯಲ್ಲೂ ಹರಿಯುತ್ತದೆ.

ಇನ್ನು ಆ ಗಾಜಿನ ಎಳೆ. ಕಂಬದಿಂದ ಕಂಬಕ್ಕೆ, ಕಂಬ ಇಲ್ಲದಲ್ಲಿ ಮರದಿಂದ ಮರಕ್ಕೆ ಕಟ್ಟಿಕೊಂಡು ಬರುವ ಕಪ್ಪು ಕೇಬಲ್ಲಿನ ನಡುವೆ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರೊಮೀಟರು, ತಲೆಕೂದಲಿನ ದಪ್ಪದ ಎಂಟನೇ ಒಂದು ಪಾಲಿನ ಆಸುಪಾಸು. ಮಡಲು ಬಿದ್ದು ಕೇಬಲ್ ಕಡಿದರೆ ಚಿಂತೆಯಿಲ್ಲ, ಮೋಡೆಮ್ಮಿನಲ್ಲಿ ಕೆಂಪು ದೀಪ ಮಿನುಗುತ್ತದೆ, "ರೆಡ್ ಲೈಟ್ ಬರ್ತಾ ಉಂಟು" ಎಂದು ಫೋನು ಮಾಡಿದರಾಯಿತು. ಗೋಳು ಕೊಡುವುದು ಅರೆಬರೆ ಪೆಟ್ಟು. ಸೋಗೆ ಜೋತುಬಿದ್ದು ಕೇಬಲ್ ಬಿಗಿಯಾಗಿ ಬಾಗಿದರೆ ಬಾಗಿದ ಕಡೆ ಬೆಳಕು ಸೋರುತ್ತದೆ. ಹಸಿರು ಕನೆಕ್ಟರಿನ ತುದಿಯಲ್ಲಿ ಒಂದು ಕಣ ಧೂಳು ಕೂತರೂ ತಿರುಳು ಅರ್ಧ ಮುಚ್ಚಿತು. ಮನೆಗಳಿಗೆ ಬರುವ ಜಿಪಾನ್ ಫೈಬರಿನಲ್ಲಿ ಮೋಡೆಮ್ಮಿಗೆ ತಲುಪುವ ಬೆಳಕಿನ ಬಲ ಸಾಮಾನ್ಯವಾಗಿ ಮೈನಸ್ 27 ಡಿಬಿಎಂಗಿಂತ ಕೆಳಗಿಳಿಯಬಾರದು. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. 27ರ ಅಂಚಿನಲ್ಲಿ ತೂಗುತ್ತಿದ್ದರೆ ಗಾಳಿ ಬೀಸಿ ಕೇಬಲ್ ಅಲುಗಿದಾಗಲೆಲ್ಲ ಎರಡು ಸೆಕೆಂಡು ಹೋಗಿ ಬರುತ್ತದೆ. ಯಕ್ಷಗಾನ ನಿಲ್ಲುವುದಿಲ್ಲ, ಆಟ ನಿಲ್ಲುತ್ತದೆ. ಬಹುತೇಕ ಮೋಡೆಮ್ಮುಗಳ ಸೆಟ್ಟಿಂಗ್ ಪುಟದಲ್ಲೇ ಈ ಅಂಕಿ ನೋಡಸಿಗುತ್ತದೆ.

ಕೇಬಲ್ ಎಳೆಯಲಾಗದ ಒಂಟಿ ಮನೆಗಳಿಗೆ ಎದುರು ಗುಡ್ಡದಿಂದ ತಟ್ಟೆಯ ಮೂಲಕ ಏರ್ ಫೈಬರ್ ಬರುವುದುಂಟು. ಅಲ್ಲಿ ಶತ್ರು ಮಳೆಗಿಂತ ಹೆಚ್ಚಾಗಿ ಅಡಿಕೆ ಮರ. 5 ಗಿಗಾಹರ್ಟ್ಸ್ ತರಂಗಗಳನ್ನು ಮಳೆಹನಿ ತೀರಾ ಕಡಿಮೆ ಹೀರುತ್ತದೆ, ಒದ್ದೆಯಾದ ಸೋಗೆ ಚೆನ್ನಾಗಿಯೇ ಹೀರುತ್ತದೆ. ತಟ್ಟೆ ಕೂರಿಸಿದ ವರ್ಷ ದಾರಿಗೆ ಅಡ್ಡವಿಲ್ಲದ ಎಳೆ ಮರ ಮೂರು ಮಳೆಗಾಲ ಕಳೆಯುವಾಗ ನಡುವೆ ತಲೆ ಎತ್ತಿರುತ್ತದೆ.

ಮೊಬೈಲ್ ಸಿಗ್ನಲ್ಲಿನ ಕಥೆ ಈ ಸೀಮೆಗೆ ಹೊಸತಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ತರಗತಿ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಬೆಟ್ಟಂಪಾಡಿ ಕಡೆಗೆ ಅದರ ಮೇಲೆ ಇನ್ನೊಂದು ತೊಡಕಿದೆ. ಗಡಿ ಹತ್ತಿರವಾದ್ದರಿಂದ ಫೋನು ಕೂತಲ್ಲಿಂದಲೇ ಕಾಸರಗೋಡು ಕಡೆಯ ಟವರನ್ನು ಹಿಡಿಯಬಹುದು. ಕರ್ನಾಟಕ ಸರ್ಕಲ್ಲಿನಿಂದ ಕೇರಳ ಸರ್ಕಲ್ಲಿಗೆ ಹಾರುವಾಗ ಡೇಟಾ ಸಂಪರ್ಕ ಕಡಿದು ಮತ್ತೆ ಕಟ್ಟಿಕೊಂಡರೆ ಐಪಿ ವಿಳಾಸವೂ ಬದಲಾಗಬಹುದು. ಆಟದ ಸರ್ವರ್ ಸಾಮಾನ್ಯವಾಗಿ ನಿಮ್ಮನ್ನು ಗುರುತಿಸುವುದೇ ಆ ವಿಳಾಸದಿಂದ. ವಿಳಾಸ ಬದಲಾದರೆ ಹಳಬ ಮಾತು ನಿಲ್ಲಿಸಿದ, ಯಾರೋ ಹೊಸಬ ಬಂದ ಎಂದೇ ಅದರ ಲೆಕ್ಕ. ವೈಫೈ ಕ್ಷೀಣವಾದಾಗ ಫೋನು ತಾನಾಗಿ ಮೊಬೈಲ್ ಡೇಟಾಕ್ಕೆ ಹಾರಿದರೂ ಇದೇ ಗತಿ. ಆಡುವಾಗ ಆ ಜಾಣತನದ ಸೆಟ್ಟಿಂಗನ್ನು ಆಫ್ ಮಾಡಿಡಬೇಕು, ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನುಯಲ್ಲಿಗೆ ಹಾಕಬೇಕು.

ವೈಫೈ ಕ್ಷೀಣವಾಗುವುದು ಏಕೆಂದು ಮುರಕಲ್ಲಿನ ಮನೆಯವರಿಗೆ ಹೇಳಬೇಕಾಗಿಲ್ಲ. ದಪ್ಪ ಗೋಡೆ, ಮೇಲಿಂದ ಮಳೆಗಾಲದ ತೇವ. ಚಾವಡಿಯ ರೂಟರಿನಿಂದ ಎರಡು ಗೋಡೆ ದಾಟಿ ಮೂಲೆ ಕೋಣೆಗೆ 5 ಗಿಗಾಹರ್ಟ್ಸ್ ತಲುಪುವುದೇ ಕಷ್ಟ. ಲ್ಯಾನ್ ಕೇಬಲ್ ಒಂದು ಎಳೆದರೆ ಮುಗಿಯಿತು.

ಎಲ್ಲ ಸರಿಯಿದ್ದೂ ಆಟ ತಡವರಿಸುವ ಇನ್ನೊಂದು ಸಂದರ್ಭವಿದೆ. ಮದುವೆಯಿಂದ ಬಂದ ಅಕ್ಕ ಸೋಫಾದಲ್ಲಿ ಕೂತು ವಿಡಿಯೊಗಳನ್ನೆಲ್ಲ ವಾಟ್ಸ್ಆ್ಯಪ್ಪಿಗೆ ಹಾಕತೊಡಗುತ್ತಾಳೆ. ರೂಟರು ಯಾವ ಪೊಟ್ಟಣವನ್ನೂ ಬಿಸಾಡಲು ಮನಸ್ಸಿಲ್ಲದೆ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್, ಸಾಲಿನಲ್ಲಿ ಒಂದು ಎಂಬಿ ತುಂಬಿದೆ ಎಂದಾದರೆ ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಜಾತ್ರೆ ದಿನ ಪುತ್ತೂರು ಪೇಟೆಯಲ್ಲಿ ಬಸ್ಸುಗಳ ಹಿಂದೆ ಸಿಕ್ಕ ಸ್ಕೂಟರಿನ ಹಾಗೆ ಆಟದ ಪುಟ್ಟ ಪೊಟ್ಟಣ ಅಷ್ಟೂ ಹೊತ್ತು ಕಾಯುತ್ತದೆ. ಇದು ಹಳೆಯ ರೋಗ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅಲ್ಲಿಂದ ಬರೀ 400 ಗಜ ದೂರದ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಏಕೆಂದು ಹುಡುಕಹೊರಟ ವ್ಯಾನ್ ಜೇಕಬ್‌ಸನ್, ದಟ್ಟಣೆಯ ಸುಳಿವು ಸಿಕ್ಕಾಗ ಕಂಪ್ಯೂಟರುಗಳು ತಾವಾಗಿ ವೇಗ ಇಳಿಸುವ ವಿಧಾನ ರೂಪಿಸಿದರು. ಅವರ ವಿಧಾನಕ್ಕೆ ಆ ಸುಳಿವೆಂದರೆ ಕಳೆದುಹೋದ ಪೊಟ್ಟಣ. ಮುಂದೆ ಮೆಮೊರಿ ಅಗ್ಗವಾಗಿ ರೂಟರುಗಳ ಸಾಲುಗಳು ಉದ್ದವಾದವು, ಪೊಟ್ಟಣ ಕಳೆಯುವುದೇ ತಡವಾಯಿತು, ಸುಳಿವೂ ತಡವಾಯಿತು. 2012ರಲ್ಲಿ ಅದೇ ಜೇಕಬ್‌ಸನ್, ಕ್ಯಾಥ್ಲೀನ್ ನಿಕೋಲ್ಸ್ ಜತೆ ಸೇರಿ, ಸಾಲಿನಲ್ಲಿ ಕಾಯುವ ಅವಧಿ ಅಳೆದು ಹೊತ್ತಿಗೆ ಸರಿಯಾಗಿ ಪೊಟ್ಟಣ ಬಿಸಾಡುವ ಕೋಡೆಲ್ ಎಂಬ ಮದ್ದನ್ನೂ ಕೊಟ್ಟರು. ನಿಮ್ಮ ರೂಟರಿನಲ್ಲಿ ಅದು ಇಲ್ಲದಿದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕೆಳಗೆ ಕಟ್ಟಿದರೂ ಬಹಳಷ್ಟು ಗುಣ ಕಾಣುತ್ತದೆ. ಅಕ್ಕನಿಗೆ ಹತ್ತು ನಿಮಿಷ ನಿಲ್ಲಿಸು ಎನ್ನುವುದು ಇನ್ನೊಂದು ದಾರಿ, ಅದರ ಫಲಿತಾಂಶಕ್ಕೆ ನಾನು ಹೊಣೆಯಲ್ಲ.

ಇವುಗಳಲ್ಲಿ ನಿಮ್ಮ ಮನೆಯದು ಯಾವ ರೋಗ ಎಂದು ತಿಳಿಯಲು ಪಿಂಗ್ ಸಾಕು. ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಮು ಇಂದಿಗೂ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲಿದೆ, ಫೋನಿಗೆ ಆ್ಯಪ್ ಸಿಗುತ್ತದೆ. ಆಡುವ ಹೊತ್ತಿನಲ್ಲೇ ಎರಡು ಕಿಟಕಿ ತೆರೆದು, ಒಂದರಲ್ಲಿ ಸ್ವಂತ ರೂಟರಿಗೆ (ಬಹಳ ಕಡೆ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಓಡಲು ಬಿಡಿ. ರೂಟರಿನ ಉತ್ತರವೇ ತಪ್ಪಿದರೆ ತಪ್ಪು ವೈಫೈಯದು, ಇಲ್ಲವೇ ಕರೆಂಟಿನದು. ರೂಟರ್ ಸರಿಯಿದ್ದು ಎರಡನೆಯದು ತಪ್ಪಿದರೆ ಕೇಬಲ್ಲಿನದು ಅಥವಾ ಅದರಾಚೆಯದು. ಉತ್ತರ ತಪ್ಪದೆ ಸಮಯ ಮಾತ್ರ 30 ಮಿಲಿಸೆಕೆಂಡಿನಿಂದ 800ಕ್ಕೆ ಏರಿದರೆ ಯಾರೋ ಅಪ್‌ಲೋಡ್ ಮಾಡುತ್ತಿದ್ದಾರೆ. ಎರಡೂ ಸರಿಯಿದ್ದು ಆಟ ಹೊರಹಾಕಿದರೆ ಮೊದಲ ಸಂಶಯ ಸರ್ವರಿನ ಮೇಲೆ. ಆಟದ ಆವೃತ್ತಿ ಹಳತಾಗಿರುವುದು, ಫೋನಿನ ದಿನಾಂಕ ತಪ್ಪಿರುವುದು, ವಿಪಿಎನ್ ಚಾಲೂ ಉಳಿದಿರುವುದು ಇವೂ ಉಂಟು, ಆದರೆ ಇವು ನಡು ಆಟದಲ್ಲಿ ದಬ್ಬುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಹೆಚ್ಚು. ಸರ್ವರ್ ಯಾವ ದೇಶದ್ದು ಎಂದೂ ನೋಡಿಕೊಳ್ಳಿ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾವಿರ ಕಿ.ಮೀ. ದಾರಿಗೆ ಹೋಗಿಬರುವ ಹೊತ್ತು 10 ಮಿಲಿಸೆಕೆಂಡಿಗಿಂತ ಕಡಿಮೆಯಾಗದು, ಯಾವ ಪ್ಲಾನ್ ಹಾಕಿದರೂ.

ಕೇಬಲಿನವರಿಗೆ ಫೋನು ಮಾಡುವಾಗ "ನೆಟ್ ಇಲ್ಲ" ಎಂದರೆ, "ಮೋಡೆಮ್ ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ ಗ್ಯಾರಂಟಿ. ಅವರು ಬರುವ ಹೊತ್ತಿಗೆ ನೆಟ್ ಸರಿಯಾಗಿಯೂ ಇರುತ್ತದೆ. ಬದಲಿಗೆ, "ಅಣ್ಣಾ, ಲೈಟ್ ಮೈನಸ್ 28 ತೋರಿಸ್ತಾ ಉಂಟು, ಗಾಳಿ ಬಂದಾಗ ಕಟ್ ಆಗ್ತದೆ, ರೂಟರಿಗೆ ಪಿಂಗ್ ಸರಿ ಉಂಟು" ಎಂದು ಹೇಳಿ ನೋಡಿ. ಆತ ಬೆಳಕು ಅಳೆಯುವ ಮೀಟರನ್ನೂ ಕನೆಕ್ಟರ್ ಒರೆಸುವ ಸಾಮಾನನ್ನೂ ಏಣಿಯನ್ನೂ ಹಿಡಿದುಕೊಂಡೇ ಬರುತ್ತಾನೆ.