ಜಪಾನೀಯರ ಹೆಸರು ಕೇಳುವ ಬಗೆ

ಹಂಪೆಗೆ ಬರುವ ಪ್ರವಾಸಿಗರಲ್ಲಿ ಕೆಲವರು ಹೊಳೆ ದಾಟಿ, ಆನೆಗೊಂದಿಯ ಕಡೆಯಿಂದ ನಮ್ಮ ಸಾಣಾಪುರದ ಕೆರೆಗೂ ಬರುವುದುಂಟು. ಹಾಗೆ ಬಂದ ಜಪಾನೀ ವೃದ್ಧೆಯೊಬ್ಬರೊಡನೆ ಹರಿಗೋಲಿನಲ್ಲಿ ಕುಳಿತ ದಿನ, ಇಂಗ್ಲಿಷ್ ಪುಸ್ತಕ ನೋಡಿ ಕಲಿತ ನನ್ನ ಪಾಂಡಿತ್ಯ ಬಯಲಾಯಿತು. "ಅನಾತಾ ನೊ ನಮಾಎ ವಾ ನಾನ್ ದೆಸು ಕಾ?" ಎಂದೆ. 'ನಿಮ್ಮ ಹೆಸರೇನು' ಎಂಬುದಕ್ಕೆ ಪದಕ್ಕೆ ಪದ ಜೋಡಿಸಿದ್ದೆ. ಆಕೆ ಹೆಸರು ಹೇಳಿ ನನ್ನದನ್ನು ಕೇಳಿದರು. "ಬಸವರಾಜ‑ಸಾನ್ ದೆಸು" ಎಂದದ್ದೇ ತಡ, ಬಾಯಿಗೆ ಕೈಯಿಟ್ಟು ನಕ್ಕರು. 'ನಾನು ಬಸವರಾಜನವರು' ಎಂದಂತಾಗಿತ್ತು!

ತಪ್ಪು ನಡೆದದ್ದು ಕನ್ನಡವನ್ನು ಮರೆತದ್ದರಿಂದ. ಹಿರಿಯರನ್ನು ನಾವು "ಹೆಸರೇನ್ರೀ?" ಎಂದಷ್ಟೇ ಕೇಳುತ್ತೇವೆ, 'ನಿಮ್ಮ' ಬೇಕಾಗದು. ಜಪಾನೀ ಭಾಷೆಯಲ್ಲಿಯೂ ಅದೇ ರೀತಿ: "ಒನಮಾಎ ವಾ?" ಮೊದಲಿನ 'ಒ' ಗೌರವಸೂಚಕ, 'ಸಾನ್'ನಂತೆ ಇದನ್ನೂ ತನ್ನ ಹೆಸರಿಗೆ ಹಚ್ಚಿಕೊಳ್ಳಬಾರದು. 'ಅನಾತಾ' ಎಂದರೆ 'ನೀವು' ಎಂದು ನಿಘಂಟು ಹೇಳಿದರೂ ಹಿರಿಯರಿಗೆ ಆ ಮಾತು ಒಪ್ಪದು.

ಪ್ರಶ್ನೆ ಮಾಡಲು ಪದಗಳನ್ನು ಹಿಂದುಮುಂದು ಮಾಡಬೇಕಿಲ್ಲ. 'ಗಾಕುಸೇ ದೆಸು' ಎಂದರೆ 'ವಿದ್ಯಾರ್ಥಿ'. ಕೊನೆಗೆ 'ಕಾ' ಸೇರಿಸಿದರೆ 'ವಿದ್ಯಾರ್ಥಿಯಾ?' ಎಂದಾಯಿತು. "ದೊಕೊ ಕರಾ ಕಿಮಾಶಿತಾ ಕಾ?" ಎಂಬುದನ್ನು ನೋಡಿರಿ: 'ದೊಕೊ' ಎಲ್ಲಿ, 'ಕರಾ' ಇಂದ, ಕ್ರಿಯಾಪದ ಕಡೆಗೆ. ಉತ್ತರ, "ಸಾಣಾಪುರ ಕರಾ ಕಿಮಾಶಿತಾ". ನಮ್ಮ ವಿಭಕ್ತಿ ಕೂಡುವ ಸ್ಥಳದಲ್ಲೇ ಅವರದೂ ಕೂಡುತ್ತದೆ. ಆದರೆ ಬಂದೆ, ಬಂದಿರಿ, ಬಂದರು ಎಲ್ಲಕ್ಕೂ 'ಕಿಮಾಶಿತಾ' ಒಂದೇ. ಯಾರೆಂಬುದನ್ನು ಸಂದರ್ಭದಿಂದ ತಿಳಿಯಬೇಕು.

ವಯಸ್ಸಿಗೆ "ನಾನ್‌ಸಾಯ್ ದೆಸು ಕಾ?" ಎನ್ನುತ್ತಾರೆ. ಇಪ್ಪತ್ತು ತುಂಬಿದವನು ಲೆಕ್ಕದಂತೆ ಹೇಳದೆ 'ಹತಾಚಿ' ಎಂಬ ಬೇರೆಯೇ ಪದ ಬಳಸುತ್ತಾನೆ. ಬಂಧುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೊರಗಿನವರೊಡನೆ ಮಾತನಾಡುವಾಗ ತನ್ನ ತಂದೆ 'ಚಿಚಿ', ಅವರ ತಂದೆ 'ಒತೋಸಾನ್'. ತನ್ನ ತಾಯಿ 'ಹಾಹಾ', ಅವರ ತಾಯಿ 'ಒಕಾಸಾನ್'. (ತಾಯಿಯನ್ನು 'ಹಾಹಾ' ಎನ್ನಲು ನನಗಿನ್ನೂ ನಗು ತಡೆಯದು.)

ಅಂದು ಹರಿಗೋಲಿನ ಕಾಕಾ, "ಮಕ್ಕಳೆಷ್ಟು ಅಂತ ಕೇಳೋ ತಮ್ಮಾ" ಎಂದು ಒತ್ತಾಯಿಸಿದರು. ನಮ್ಮೂರಲ್ಲಿ ಅದು ಕುಶಲಪ್ರಶ್ನೆಯೇ. ಪರದೇಶದವರಿಗೆ ಹೇಗೋ ಎಂದು ನಾನು ಸುಮ್ಮನಿದ್ದೆ. ಅಷ್ಟರಲ್ಲಿ ಆಕೆಯೇ ಕಾಕಾನ ಕಡೆ ತಿರುಗಿ "ಒಕೊಸಾನ್ ವಾ?" ಎಂದರು. ಮಕ್ಕಳನ್ನೇ ವಿಚಾರಿಸಿದ್ದರು! ನಾನು ಕನ್ನಡದಲ್ಲಿ ಹೇಳಿದೊಡನೆ ಕಾಕಾ ಹುಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಮೂರು ಬೆರಳು ತೋರಿಸಿದರು.