ಬಿಸಿಯಾದಾಗಷ್ಟೇ ಬರುವ ರೋಗ

ಬಂಟ್ವಾಳದಿಂದ ಬೆಳ್ತಂಗಡಿಯತ್ತ ಹೊರಟ ನನ್ನ ಹಳೆಯ ಕಾರ್ಬುರೇಟರ್ ಕಾರು ಪುಂಜಾಲಕಟ್ಟೆ ದಾಟಿದೊಡನೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಾನೆಟ್ ತೆರೆದಿಟ್ಟರೆ ಏನೂ ಆಗದಂತೆ ಮತ್ತೆ ಚಾಲೂ. ಗ್ಯಾರೇಜಿನಲ್ಲಿ ಮಾತ್ರ ಅದು ಸಂಭಾವಿತ. ಒಬ್ಬರು ಕಾರ್ಬುರೇಟರ್ ಶುಚಿಗೊಳಿಸಿದರು, ಇನ್ನೊಬ್ಬರು ಪೆಟ್ರೋಲ್ ಪಂಪ್ ಬದಲಿಸಿದರು. ಪ್ರತಿ ಬಾರಿಯೂ ನಾಲ್ಕು ದಿನ ಸರಿಯಿದ್ದುದನ್ನೇ ಗುಣವೆಂದು ಭಾವಿಸಿದೆ. ಅರ್ಥಶಾಸ್ತ್ರ ಓದಿದವನು ಮಾಡಬಾರದ ತಪ್ಪು!

ವೇಣೂರಿನ ಬಳಿಯ ತಿರುವಿನಲ್ಲಿ ಕಾರು ನಿಂತು, ಹಿಂದಿನಿಂದ ಬಂದ ಬಸ್ಸು ಗೇಣಿನ ಅಂತರದಲ್ಲಿ ತಪ್ಪಿಸಿಕೊಂಡ ದಿನ ಪತ್ನಿ, ‘ಇನ್ನು ಈ ಗಾಡಿ ಹತ್ತುವುದಿಲ್ಲ’ ಎಂದಳು. ಗುಜರಿಗೆ ಕೊಡುವ ಮುನ್ನ ಮೂಡಬಿದಿರೆಯ ಹಿರಿಯ ಮೆಕ್ಯಾನಿಕರೊಬ್ಬರಿಗೆ ತೋರಿಸಿದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ‘ಎಷ್ಟು ಹೊತ್ತು ಓಡಿದ ಮೇಲೆ ನಿಲ್ಲುತ್ತದೆ ಸಾರ್?’ ಎಂದು ಕೇಳಿ, ಪಕ್ಕದಲ್ಲಿ ಕುಳಿತು, ಅದು ನಿಲ್ಲುವವರೆಗೂ ಓಡಿಸಲು ಹೇಳಿದರು. ನಿಂತ ಕ್ಷಣವೇ ಪ್ಲಗ್ ಕಳಚಿ ಪರೀಕ್ಷಿಸಿದರು: ಕಿಡಿಯಿಲ್ಲ. ಕಿಡಿ ಇದ್ದಿದ್ದರೆ ಪೆಟ್ರೋಲಿನ ಹಾದಿ ಹುಡುಕಬೇಕಿತ್ತು. ಇಗ್ನಿಷನ್ ಕಾಯಿಲ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಒಳಸುರುಳಿಯ ಹೊದಿಕೆ ಹಳತಾದರೆ ಬಿಸಿಯಲ್ಲಿ ವಿದ್ಯುತ್ತು ಒಳಗೇ ಸೋರಿಹೋಗುತ್ತದೆ. ತಣಿದರೆ ಮತ್ತೆ ಸರಿ. ಒದ್ದೆ ಬಟ್ಟೆ ಹೊದಿಸಿದರು, ಕಾರು ಹೊರಟಿತು.

ಹೊಸ ಕಾಯಿಲ್ ಹಾಕಿಸಿ, ಬೇಕೆಂದೇ ಉರಿಬಿಸಿಲಿನಲ್ಲಿ ಬಂಟ್ವಾಳದಿಂದ ಬೆಳ್ತಂಗಡಿ ಮುಟ್ಟಿ, ಗುರುವಾಯನಕೆರೆಯಲ್ಲಿ ವೇಣೂರು ರಸ್ತೆ ಹಿಡಿದು ಮೂಡಬಿದಿರೆಯವರೆಗೆ ಎಲ್ಲಿಯೂ ನಿಲ್ಲದೆ ಬಂದೆ. ಪತ್ನಿ ಇನ್ನೂ ಬಸ್ಸಿನಲ್ಲೇ ಹೋಗುತ್ತಾಳೆ.