ಮೊದಲ ಹಾಲು ಮತ್ತು ವೃದ್ಧಿಕಾರಕಗಳು

ಹಲಗೂರು ಹೋಬಳಿಯ ರೈತ ದಂಪತಿಗಳಿಗೆ ಗಿಣ್ಣಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಸು ಈದೊಡನೆ ಕರುವನ್ನು ಎತ್ತಿ ಕೆಚ್ಚಲಿಗೆ ಹಚ್ಚುವವರು ನೀವೇ. ಮಳವಳ್ಳಿ ತಾಲ್ಲೂಕಿನದೇ ತಳಿಯಾದ ಬಂಡೂರು ಕುರಿಯನ್ನು ಸಾಕುವವರೂ ಮರಿಗೆ ಮೊದಲ ಹಾಲು ತಪ್ಪದಂತೆ ನೋಡಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಹೆರಿಗೆಯಾದಾಗ, ತಾಯಿಯ ಮೊದಲ ಎರಡು ಮೂರು ದಿನಗಳ ಮಂದವಾದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಸಕ್ಕರೆ ನೀರನ್ನೋ ಹರಳೆಣ್ಣೆಯನ್ನೋ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಕೆಲವು ಮನೆಗಳಲ್ಲಿ ಹಿರಿಯರು ಇಂದಿಗೂ ಹಾಗೆಯೇ ಹೇಳುತ್ತಾರೆ. ಕರುವಿಗೆ ಸಲ್ಲುವುದು ಕೂಸಿಗೆ ಏಕೆ ಸಲ್ಲಬಾರದು?

ಮೊದಲ ಹಾಲು ರೋಗಗಳನ್ನು ತಡೆಯುತ್ತದೆಂದು ಆಶಾ ಕಾರ್ಯಕರ್ತೆಯಿಂದ ನೀವು ಕೇಳಿರಬಹುದು. ಅದರಲ್ಲಿ ಇನ್ನೂ ಒಂದು ಅಮೂಲ್ಯ ವಸ್ತುವಿದೆ. ಅದೇ ವೃದ್ಧಿಕಾರಕ, ವೈದ್ಯರು ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ.

ನಮ್ಮ ಶರೀರವು ಕೋಟ್ಯನುಕೋಟಿ ಜೀವಕೋಶಗಳಿಂದಾದುದು. ಯಾವ ಕೋಶ ಯಾವಾಗ ಎರಡಾಗಿ ಹೆಚ್ಚಬೇಕು, ಯಾವಾಗ ಬಲಿಯಬೇಕು, ಯಾವಾಗ ನಿಲ್ಲಬೇಕು ಎಂಬ ಸಂದೇಶವನ್ನು ಒಯ್ಯುವ ಸಸಾರಜನಕ ವಸ್ತುಗಳೇ ವೃದ್ಧಿಕಾರಕಗಳು. ಕಾಲುವೆಯ ನೀರುಗಂಟಿಯು ಒಂದು ಗದ್ದೆಗೆ ತೂಬು ತೆಗೆದು ಇನ್ನೊಂದಕ್ಕೆ ಮುಚ್ಚುವಂತೆ, ಒಂದೇ ವೃದ್ಧಿಕಾರಕವು ಒಂದು ಬಗೆಯ ಕೋಶವನ್ನು ಬೆಳೆಸಿ, ಬೇರೊಂದನ್ನು ತಡೆಯಲೂಬಹುದು. ಕುಡುಗೋಲು ತಾಗಿ ಬೆರಳು ಕುಯ್ದಾಗ ರಕ್ತದ ಕಿರುಬಿಲ್ಲೆಗಳು ಸೂಸುವ ವೃದ್ಧಿಕಾರಕವು ಗಾಯ ಮುಚ್ಚುವ ಕೋಶಗಳನ್ನು ಕರೆತರುತ್ತದೆ. ಗರ್ಭದಲ್ಲಿ ಮಾಸಿನ ರಕ್ತನಾಳಗಳು ಕವಲೊಡೆಯುವುದಕ್ಕೂ ಇಂತಹವೇ ಕಾರಣ. ಇವುಗಳ ಆಜ್ಞೆ ಕೆಟ್ಟು ಕೋಶಗಳು ಎಲ್ಲೆ ಮೀರಿ ಹೆಚ್ಚಿದಾಗ ಅರ್ಬುದ ರೋಗ ಉಂಟಾಗಬಹುದು.

ಇದನ್ನು ಕಂಡುಹಿಡಿದ ಬಗೆ ಸ್ವಾರಸ್ಯಕರವಾಗಿದೆ. ಅಮೆರಿಕದ ಸ್ಟಾನ್ಲಿ ಕೋಹೆನ್ ಎಂಬ ವಿಜ್ಞಾನಿಯು ಇಲಿಯ ಜೊಲ್ಲಿನ ಗ್ರಂಥಿಯಿಂದ ತೆಗೆದ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಅವು ಕಾಲಕ್ಕೆ ಮುನ್ನವೇ ಕಣ್ಣು ತೆರೆದವು, ಹಲ್ಲುಗಳೂ ಬೇಗ ಮೂಡಿದವು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದುದು ಹೊರಚರ್ಮದ ವೃದ್ಧಿಕಾರಕ. ನರಗಳ ವೃದ್ಧಿಕಾರಕವನ್ನು ಕಂಡುಹಿಡಿದ ಇಟಲಿಯ ಮಹಿಳೆ ರೀಟಾ ಲೆವಿ-ಮೊಂತಾಲ್ಚೀನಿ ಅವರೊಡನೆ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. (ಜೊಲ್ಲಿನಲ್ಲಿ ಇದೆಯೆಂದು ಗಾಯಕ್ಕೆ ಎಂಜಲು ಹಚ್ಚಬೇಡಿರಿ, ಬಾಯಲ್ಲಿ ರೋಗಾಣುಗಳೂ ಇರುತ್ತವೆ.)

ಇದೇ ಹೊರಚರ್ಮದ ವೃದ್ಧಿಕಾರಕವು ತಾಯಿಯ ಹಾಲಿನಲ್ಲಿದೆ, ಅದರಲ್ಲಿಯೂ ಮೊದಲ ದಿನಗಳ ಹಾಲಿನಲ್ಲಿ ಹೆಚ್ಚಾಗಿದೆ. ಹುಟ್ಟಿದ ಮಗುವಿನ ಕರುಳಿನ ಒಳಪದರ ಇನ್ನೂ ಎಳೆಯದು. ಆ ಪದರದ ಕೋಶಗಳಿಗೆ ಈ ವಸ್ತು ತಗುಲಿದಾಗ ಅವು ಹೆಚ್ಚಿ, ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು, ರೋಗಾಣುಗಳು ನುಸುಳದಂತೆ ಗೋಡೆಯಾಗುತ್ತವೆ. ತಿಂಗಳು ತುಂಬುವುದಕ್ಕೆ ಬಹಳ ಮೊದಲೇ ಹುಟ್ಟಿದ ಮಗುವಿನ ತಾಯಿಯ ಹಾಲಿನಲ್ಲಿ ಇದರ ಪ್ರಮಾಣ ಇನ್ನೂ ಅಧಿಕವಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಅಂತಹ ಕೂಸಿನ ಕರುಳು ಬೇಗನೆ ಕೊಳೆಯುವ ಅಪಾಯವಿರುವುದರಿಂದ, ಅದಕ್ಕೆ ತಾಯಿಯ ಹಾಲು ಔಷಧಕ್ಕೆ ಸಮಾನ. ಡಬ್ಬಿಯ ಹಾಲಿನ ಪುಡಿಯು ಇದಕ್ಕೆ ಬದಲಾಗಲಾರದು.

ಆದುದರಿಂದ ಹೆರಿಗೆಯಾದ ಒಂದು ಗಂಟೆಯೊಳಗಾಗಿ ಮಗುವನ್ನು ಎದೆಗೆ ಹಚ್ಚತಕ್ಕದ್ದು. ಹಾಲು ಕೆಲವೇ ಚಮಚೆಯಷ್ಟು ಬಂದರೆ ಗಾಬರಿಯಾಗಬೇಡಿರಿ. ಮೊದಲ ದಿನ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ಆರು ತಿಂಗಳು ತುಂಬುವವರೆಗೆ ನೀರನ್ನೂ ಸಹ ಕೊಡದೆ ಎದೆಹಾಲನ್ನೇ ಉಣಿಸಬೇಕು. ಅನಂತರ ಮೆದುವಾದ ಆಹಾರದೊಡನೆ ಎರಡು ವರ್ಷ, ಸಾಧ್ಯವಾದರೆ ಮುಂದಕ್ಕೂ, ಹಾಲೂಡಿಸಬಹುದು. ಗಂಡನಾದವನು ಈ ವಿಷಯವನ್ನು ಹೆರಿಗೆಗೆ ಮುಂಚೆಯೇ ಮನೆಯ ಹಿರಿಯರಿಗೆ ತಿಳಿಸಿಡುವುದು ಲೇಸು. ಬಾಣಂತಿಯೊಬ್ಬಳೇ ಅತ್ತೆಯೊಡನೆ ವಾದಿಸುವಂತಾಗಬಾರದು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಿಯೂ ದಾದಿಯ ಸಹಾಯದಿಂದ ಮೊದಲ ಹಾಲನ್ನು ಉಣಿಸಬಲ್ಲಳು. ಮಗುವಿಗೆ ಚೀಪುವ ಶಕ್ತಿ ಇಲ್ಲದಿದ್ದರೆ, ಕೈ ತೊಳೆದು, ಶುದ್ಧವಾದ ಬಟ್ಟಲಿಗೆ ಹಾಲನ್ನು ಹಿಂಡಿ, ವೈದ್ಯರ ಸಲಹೆಯಂತೆ ಚಮಚೆಯಿಂದ ಕುಡಿಸಬಹುದು.